ಕಾವಲಿನ ಕೂಲಿ

ಗುಂಡ್ಲುಪೇಟೆ ಸೀಮೆಯ ಕಾಡಂಚಿನಲ್ಲಿ ಬೇಸಾಯ ಮಾಡುವ ರೈತನಿಗೆ ಲೆಕ್ಕವನ್ನು ಯಾರೂ ಕಲಿಸಬೇಕಾದುದಿಲ್ಲ. ಬಿತ್ತನೆಗೆ ಇಷ್ಟು, ಗೊಬ್ಬರಕ್ಕೆ ಇಷ್ಟು, ಕಳೆಗೆ ಇಷ್ಟು ಎಂದು ಎಣಿಸಿದ ಮೇಲೆ, ರಾತ್ರಿಯ ಕಾವಲಿಗೆ ಇಷ್ಟು ಎಂಬ ಒಂದು ಬಾಬನ್ನು ಆತನು ತಪ್ಪದೆ ಸೇರಿಸುತ್ತಾನೆ. ಅಟ್ಟಣೆಯ ಮೇಲೆ ಕುಳಿತು ಹಂದಿಯನ್ನೂ ಆನೆಯನ್ನೂ ಅಟ್ಟುವ ಆಳಿನ ಕೂಲಿ, ಬೇಲಿಯ ತಂತಿ, ದೀಪ, ಪಟಾಕಿ, ನಿದ್ದೆಗೆಟ್ಟ ಕಣ್ಣಿನ ಬೆಲೆ, ಎಲ್ಲವೂ ತೆರಕಣಾಂಬಿಯ ಸಂತೆಗೆ ಬಂದಿಳಿಯುವ ಸರಕಿನ ದರದಲ್ಲಿ ಅಡಗಿರುತ್ತವೆ. ಕಾವಲಿನ ಬಾಬು ಬೆಳೆಯ ಬಾಬನ್ನು ಮೀರತೊಡಗಿತೆಂದರೆ ಆತನು ಮುಂದಿನ ವರ್ಷ ಬೆಳೆಯನ್ನೇ ಬದಲಾಯಿಸುತ್ತಾನೆ. ಇಲ್ಲವೇ ಆ ಹೊಲವನ್ನು ಬೀಳು ಬಿಡುತ್ತಾನೆ. ಕಾವಲನ್ನು ಲೆಕ್ಕದಿಂದ ಮರೆಮಾಡಿ, ಬೆಳೆ ಚೆನ್ನಾಗಿ ಬಂದಿತೆಂದು ನೆರೆಯವರೆದುರು ಬೀಗುವ ರೈತನನ್ನು ನಾವಂತೂ ಈ ಸೀಮೆಯಲ್ಲಿ ಕಂಡಿಲ್ಲ. ಈ ಸಾಮಾನ್ಯ ವಿವೇಕವು ರಾಷ್ಟ್ರಗಳ ಖಜಾನೆಗಳಲ್ಲಿ ಏಕೆ ಇಷ್ಟು ದುರ್ಲಭವಾಗಿದೆಯೆಂಬ ಪ್ರಶ್ನೆಯನ್ನು ಇಂದು ವಾಚಕರ ಮುಂದಿಡಬೇಕೆಂದಿದ್ದೇವೆ.

ಪ್ರಶ್ನೆಗೆ ಕಾರಣವಿಲ್ಲದಿಲ್ಲ. 2025ರ ಅಕ್ಟೋಬರಿನಲ್ಲಿ ಆಫ್ಘಾನಿಸ್ತಾನದ ತಾಲಿಬಾನ್ ಆಡಳಿತದ ವಿದೇಶಾಂಗ ಮಂತ್ರಿ ಅಮೀರ್ ಖಾನ್ ಮುತ್ತಕಿ ಎಂಬವರು ದೆಹಲಿಗೆ ಬಂದಿದ್ದರು. ಕಾಬೂಲಿನಲ್ಲಿದ್ದ ನಮ್ಮ ತಾಂತ್ರಿಕ ತಂಡವನ್ನು ಪುನಃ ರಾಯಭಾರ ಕಚೇರಿಯ ಅಂತಸ್ತಿಗೆ ಏರಿಸುವುದಾಗಿಯೂ, ಆ ದೇಶದಲ್ಲಿ ಹೊಸ ಕಾಮಗಾರಿಗಳನ್ನು ಕೈಗೊಳ್ಳುವುದಾಗಿಯೂ ನಮ್ಮ ವಿದೇಶಾಂಗ ಸಚಿವರು ಆ ಸಂದರ್ಭದಲ್ಲಿ ಸಾರಿದರು. 20 ಆಂಬ್ಯುಲೆನ್ಸ್‌ಗಳ ಉಡುಗೊರೆಯನ್ನೂ ಪ್ರಕಟಿಸಿದರು. 2025–26ರ ಆಯವ್ಯಯದಲ್ಲಿ ಆಫ್ಘಾನಿಸ್ತಾನದ ನೆರವಿಗೆಂದು 100 ಕೋಟಿ ರೂಪಾಯಿಗಳನ್ನು ತೆಗೆದಿರಿಸಲಾಗಿತ್ತು. 2001ರಿಂದೀಚೆಗೆ ಭಾರತವು ಅಲ್ಲಿ ತೊಡಗಿಸಿದ ಹಣವು ಸುಮಾರು 300 ಕೋಟಿ ಡಾಲರುಗಳೆಂದೂ, ಅಲ್ಲಿನ 34 ಪ್ರಾಂತಗಳಲ್ಲಿಯೂ ಸೇರಿ 500ಕ್ಕೂ ಮಿಕ್ಕ ಕಾಮಗಾರಿಗಳು ನಡೆದಿವೆಯೆಂದೂ ಸರಕಾರದವರೇ ಹಲವು ಸಲ ಹೇಳಿದ್ದಾರೆ. ನೆರೆಯವನಿಗೆ ನೆರವಾಗುವುದು ನಮ್ಮ ನಾಡಿನ ಸಂಪ್ರದಾಯವೇ ಆಗಿದೆ. ಅದರ ಬಗೆಗೆ ನಮ್ಮ ತಕರಾರಿಲ್ಲ. ಗುಂಡ್ಲುಪೇಟೆಯ ಕೆರೆ ಬತ್ತಿರುವಾಗ ಹೆರಾತಿನ ಕಾಲುವೆಯ ಚಿಂತೆ ನಮಗೇಕೆ ಎಂದು ಕೇಳುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ಯುದ್ಧ ಬಿಡುವಿಲ್ಲದೆ ನಡೆದ ನೆಲದಲ್ಲಿ ನೆರವಿನ ಕೆಲಸಕ್ಕೆ ಕೊಟ್ಟ ಪ್ರತಿ ರೂಪಾಯಿಯಲ್ಲಿ ಕಲ್ಲು–ಗಾರೆಗೆ ಎಷ್ಟು, ಬಂದೂಕಿಗೆ ಎಷ್ಟು ಎಂದು ತೆರಿಗೆ ತೆತ್ತವನು ಕೇಳಿದರೆ ಅದನ್ನು ಅಧಿಕಪ್ರಸಂಗವೆನ್ನಲಾಗದು.

ಇತರರಿಗಿಂತ ನಾವು ಕನ್ನಡಿಗರು, ಅದರಲ್ಲಿಯೂ ಹಳೆಯ ಮೈಸೂರು ಸೀಮೆಯವರು, ಈ ಪ್ರಶ್ನೆಯನ್ನು ಕೇಳಲು ಹೆಚ್ಚಿನ ಹಕ್ಕುಳ್ಳವರು. ಪರರ ಕಾವಲಿಗೆ ಕೂಲಿ ತೆತ್ತ ಅನುಭವವು ನಮಗೆ ನೂರಾ ನಲವತ್ತೆಂಟು ವರ್ಷಗಳದು. ಶ್ರೀರಂಗಪಟ್ಟಣವು ಬಿದ್ದ ಮೇಲೆ 1799ರ ಜುಲೈಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಮಾಡಿಕೊಂಡ ಕೌಲಿನ ಮೇರೆಗೆ, ರಾಜ್ಯದ ರಕ್ಷಣೆಗಾಗಿ ಕಂಪನಿಯ ದಂಡು ಇಲ್ಲಿ ಬೀಡುಬಿಡತಕ್ಕದ್ದೆಂದೂ, ಅದಕ್ಕಾಗಿ ವರ್ಷಕ್ಕೆ 7 ಲಕ್ಷ ವರಹಗಳನ್ನು, ಎಂದರೆ 24 ಲಕ್ಷದ 50 ಸಾವಿರ ರೂಪಾಯಿಗಳನ್ನು, ಮೈಸೂರು ತೆರತಕ್ಕದ್ದೆಂದೂ ನಿಶ್ಚಯವಾಯಿತು. ಆ ದಂಡಿಗೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಸಿಗುವ ಹೆಸರು ‘ಸಹಾಯಕ ಸೈನ್ಯ’. ಸಹಾಯವೆಂಬ ಪದವು ಇದಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾದ ಉದಾಹರಣೆಯನ್ನು ನಾವು ಅರಿಯೆವು. ಅದೇ ಕೌಲಿನಲ್ಲಿ, ಈ ಹಣ ತಪ್ಪುವ ಭಯ ಕಂಡುಬಂದಲ್ಲಿ ರಾಜ್ಯದ ಆಡಳಿತವನ್ನೇ ಕಂಪನಿಯು ತನ್ನ ಕೈಗೆ ತೆಗೆದುಕೊಳ್ಳಬಹುದೆಂಬ ಇನ್ನೊಂದು ಮಾತೂ ಇದ್ದಿತು. 1831ರಲ್ಲಿ ಲಾರ್ಡ್ ಬೆಂಟಿಂಕನು ಅದನ್ನೇ ಹಿಡಿದುಕೊಂಡು ಮೈಸೂರನ್ನು ಕಮಿಷನರುಗಳ ವಶಕ್ಕೊಪ್ಪಿಸಿದನು. ದೊರೆತನವು ಮರಳಿ ಬರಲು ಐವತ್ತು ವರ್ಷಗಳೇ ಹಿಡಿದುವು. 1881ರಲ್ಲಿ ರಾಜ್ಯವನ್ನು ಹಿಂತಿರುಗಿಸುವಾಗಲೂ ಕಾವಲಿನ ಕೂಲಿ ಇಳಿಯಲಿಲ್ಲ. ಬದಲಾಗಿ 10 ಲಕ್ಷದ 50 ಸಾವಿರ ರೂಪಾಯಿ ಏರಿಸಿ 35 ಲಕ್ಷವೆಂದು ಗೊತ್ತುಮಾಡಿದರು. ಕ್ಷಾಮದಿಂದ ನಾಡು ಚೇತರಿಸಿಕೊಂಡಿಲ್ಲವೆಂಬ ಕಾರಣಕ್ಕೆ ಈ ಹೆಚ್ಚಳದ ವಸೂಲಿಯನ್ನು ಕೆಲವು ವರ್ಷ ಮುಂದೂಡಿದರೆಂಬುದೊಂದೇ ಕೃಪೆ. ಏರಿಸಿದ ಆ ಭಾಗವನ್ನು ಬಿಟ್ಟುಕೊಡಲು 1928 ಬರಬೇಕಾಯಿತು. ಮೂಲದ 24 ಲಕ್ಷದ 50 ಸಾವಿರವನ್ನೇ ಹಿಡಿದು, ಬಡ್ಡಿಯನ್ನು ಮರೆತು, 1947ರವರೆಗೆ ಗುಣಿಸಿ ನೋಡಿದರೆ 36 ಕೋಟಿಗೆ ಮಿಕ್ಕುತ್ತದೆ. ನಮ್ಮನ್ನು ಯಾರಿಂದ ಕಾಯುತ್ತಿದ್ದರು? ಮರಾಠರ ಸತ್ತ್ವ 1818ರಲ್ಲಿಯೇ ಮುಗಿದಿತ್ತು; ಹೈದರಾಬಾದು ಕಂಪನಿಯ ಮಡಿಲಿನಲ್ಲಿಯೇ ಇದ್ದಿತು. ಶತ್ರುವು ಸತ್ತು ಮಣ್ಣಾದ ಮೇಲೆಯೂ ಕಾವಲುಗಾರನ ಸಂಬಳ ನಿಲ್ಲಲಿಲ್ಲ.

ಇದರಿಂದ ನಾವು ಕಲಿಯಬೇಕಾದುದು ಕಂಪನಿಯ ಕುಟಿಲತೆಯನ್ನಷ್ಟೇ ಅಲ್ಲ. ಅದು ಎಲ್ಲರಿಗೂ ತಿಳಿದುದೇ. ಕಾವಲು ಒಂದು ಸಲ ಬೇರೂರಿತೆಂದರೆ ತಾನೇ ಒಂದು ಸ್ವತಂತ್ರ ಸ್ವಾರ್ಥವಾಗಿ ಬೆಳೆಯುವುದೆಂಬುದನ್ನು ಕಲಿಯಬೇಕು. ಯಾವ ಕೆಲಸಕ್ಕೆಂದು ಅದನ್ನು ತಂದರೋ ಆ ಕೆಲಸವು ಹಿಂದೆ ಸರಿದು, ಕಾವಲನ್ನು ಸಾಕುವುದೇ ಮುಖ್ಯ ಕೆಲಸವಾಗಿಬಿಡುತ್ತದೆ. ತೆರಕಣಾಂಬಿಯಲ್ಲಿ ಉಮ್ಮತ್ತೂರಿನ ಪಾಳೆಯಗಾರರ ಕಾಲವನ್ನೂ ಮೈಸೂರು ಅರಸರ ಕಾಲವನ್ನೂ ಕಂಡ ಕೋಟೆಯ ಅವಶೇಷಗಳನ್ನು ಇಂದಿಗೂ ನೋಡಬಹುದು. ಕಾಯಬೇಕಾದ ಗೋಡೆಗಳು ಉರುಳಿ ಎಷ್ಟೋ ಕಾಲವಾದರೂ ದೇವಸ್ಥಾನಗಳಲ್ಲಿ ದೀಪ ಉರಿಯುತ್ತಿದೆ, ಸಂತೆ ಕೂಡುತ್ತಿದೆ. ಊರನ್ನು ಉಳಿಸಿದುದು ಯಾವುದೆಂದು ಅಲ್ಲಿಯ ಹಿರಿಯರನ್ನು ಕೇಳಿದರೆ ಕೋಟೆಯ ಹೆಸರನ್ನು ಹೇಳುವವರು ಕಡಿಮೆಯೆಂದು ನಮ್ಮ ಊಹೆ.

ಆದರೂ ಕಾವಲೇ ಬೇಡವೆಂಬ ವೈರಾಗ್ಯದ ವಾದಕ್ಕೆ ನಾವು ಇಳಿಯಲಾರೆವು. ಇಳಿಯದಂತೆ ನಮ್ಮನ್ನು ತಡೆಯುವುದು ಇದೇ ಚಾಮರಾಜನಗರ ಜಿಲ್ಲೆಯ ಇತ್ತೀಚಿನ ಚರಿತ್ರೆ. ಜಿಲ್ಲೆಯು ಪ್ರತ್ಯೇಕವಾದುದು 1997ರಲ್ಲಿ. ಆ ಹೊತ್ತಿಗಾಗಲೇ ಮಲೆಯ ಮಹದೇಶ್ವರನ ಬೆಟ್ಟದ ಸುತ್ತಿನ ಕಾಡುಗಳಲ್ಲಿ ವೀರಪ್ಪನ್ ಎಂಬ ಗಂಧಗಳ್ಳನ ಹಾವಳಿಯಿಂದ ಜನರು ಹೈರಾಣಾಗಿದ್ದರು. ಅವನನ್ನು ಬೆನ್ನಟ್ಟಿದವರಲ್ಲಿ ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿಯ ರೀತಿಯೇ ಬೇರೆಯಾಗಿತ್ತು. ಕಾಡುಗಳ್ಳನ ಹುಟ್ಟೂರಾದ ಗೋಪಿನಾಥಂನಲ್ಲಿಯೇ ಅವರು ನೆಲೆಸಿದರು. ಊರವರಿಗೆ ಔಷಧೋಪಚಾರದ ಏರ್ಪಾಡು ಮಾಡಿದರು. ಮಾರಿಯಮ್ಮನ ಗುಡಿಯನ್ನು ಕಟ್ಟಿಸಲು ನೆರವಾದರು. ತಪ್ಪೊಪ್ಪಿ ಬಂದವರಿಗೆ ಬಾಳಲು ದಾರಿ ತೋರಿದರು. ಶರಣಾಗುವೆನೆಂಬ ಸುಳ್ಳು ಮಾತನ್ನು ನಂಬಿ ನಿರಾಯುಧರಾಗಿ ಹೋದ ಆ ಪುಣ್ಯಾತ್ಮರನ್ನು 1991ರ ನವೆಂಬರ್ 10ರಂದು ಅವನು ಕೊಂದನು. ಸರಕಾರವು ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರವನ್ನು ಕೊಟ್ಟಿತು. ಒಳ್ಳೆಯತನವೊಂದೇ ಸಾಕಾದ ರಕ್ಷೆಯೆಂದು ಹೇಳುವವರು ಆ ದಿನವನ್ನು ನೆನೆಯಬೇಕು.

ಆ ಬಳಿಕ ನಡೆದುದನ್ನೂ ನೆನೆಯಬೇಕು. 1992ರ ಆಗಸ್ಟಿನಲ್ಲಿ ಮೀಣ್ಯದ ಬಳಿ ಪೊಲೀಸ್ ಸೂಪರಿಂಟೆಂಡೆಂಟ್ ಹರಿಕೃಷ್ಣ ಅವರೂ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರೂ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲಿನಲ್ಲಿ ಪಾಲಾರ್ ಬಳಿಯ ನೆಲಬಾಂಬಿನಿಂದ 22 ಮಂದಿ ಸತ್ತರು. ಎರಡು ರಾಜ್ಯಗಳ ಕಾರ್ಯಪಡೆಗಳು ಸೇರಿ ವರ್ಷಗಟ್ಟಲೆ ಕಾಡನ್ನು ಜಾಲಾಡಿದುವು. 2000ದ ಜುಲೈ 30ರಂದು ಗಾಜನೂರಿನಿಂದ ಅಪಹೃತರಾದ ಡಾ. ರಾಜಕುಮಾರ್ ಅವರಿಗಾಗಿ ಕನ್ನಡ ನಾಡು 108 ದಿನ ಉಸಿರು ಬಿಗಿಹಿಡಿದು ಕುಳಿತಿತ್ತು. 2002ರಲ್ಲಿ ಕಾಮಗೆರೆಯಿಂದ ಒಯ್ಯಲ್ಪಟ್ಟ ಮಾಜಿ ಮಂತ್ರಿ ಎಚ್. ನಾಗಪ್ಪನವರು ಜೀವಸಹಿತ ಮರಳಲಿಲ್ಲ. 2004ರ ಅಕ್ಟೋಬರ್ 18ರಂದು ಧರ್ಮಪುರಿಯ ಕಡೆ ವೀರಪ್ಪನ್ ಹತನಾಗುವವರೆಗೆ ಖಜಾನೆಯಿಂದ ಹರಿದ ಹಣವು ಅಪಾರ. ಆದರೆ ನಾವು ಹೇಳಬಯಸುವುದು ಖಜಾನೆಯಿಂದ ಹರಿಯದ, ಬಡವರ ಮೈಯಿಂದಲೇ ವಸೂಲಾದ ಇನ್ನೊಂದು ವೆಚ್ಚವನ್ನು ಕುರಿತು. ಹಗಲು ಪೊಲೀಸರಿಗೂ ಇರುಳು ಕಳ್ಳರಿಗೂ ಉತ್ತರ ಹೇಳಬೇಕಾಗಿದ್ದ ಸೋಲಿಗರು ಮತ್ತು ಕಾಡಂಚಿನ ಹಳ್ಳಿಗರು ಕಾರ್ಯಪಡೆಯವರ ಕೈಯಲ್ಲಿ ಪಟ್ಟ ಹಿಂಸೆಯನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಮಂಡಲಿಯನ್ನು ನೇಮಿಸಿತು. 2007ರಲ್ಲಿ 89 ಮಂದಿ ನೊಂದವರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರವನ್ನು ಆಯೋಗವು ಸೂಚಿಸಿತು. ಕಾವಲು ತಂದಿಟ್ಟ ದಿನ ಈ ಬಾಬನ್ನು ಯಾವ ಆಯವ್ಯಯದಲ್ಲಿಯೂ ಬರೆದಿರಲಿಲ್ಲ. ಬರೆಯದ ಬಾಬಾದರೂ ಕಡೆಗೆ ತೆರಲೇಬೇಕಾಯಿತು. ತೆತ್ತುದು ತೀರ ತಡವಾಗಿ, ತೀರ ಕಡಿಮೆಯಾಗಿ.

ಅದೇ ಕಾಲದಲ್ಲಿ ಅದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಇನ್ನೊಂದು ಬಗೆಯ ಕೆಲಸವೂ ನಡೆಯುತ್ತಿತ್ತೆಂಬುದನ್ನು ಮರೆಯಲಾಗದು. 1981ರಲ್ಲಿ ಸ್ಥಾಪಿತವಾದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದವರು ಸೋಲಿಗರ ನಡುವೆ ಆಸ್ಪತ್ರೆಯನ್ನೂ ಶಾಲೆಯನ್ನೂ ನಡೆಸಿಕೊಂಡು ಬಂದರು. ಅದರ ಸ್ಥಾಪಕರಾದ ಡಾ. ಎಚ್. ಸುದರ್ಶನ್ ಅವರಿಗೆ 1994ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಕಾಡುಗಳ್ಳನು ಇನ್ನೂ ಹತ್ತು ವರ್ಷ ಬದುಕಲಿದ್ದನು. ಹೊರನಾಡಿನ ಗೌರವಧನವು ಕಲಹದ ಕಾಡಿಗೆ ಬಂದು ಅಲ್ಲಿ ಕೆಲಸಕ್ಕೆ ನಿಂತಿತು. ಏಕೆ ನಿಂತಿತು? ಆಸ್ಪತ್ರೆಯು ಸೋಲಿಗರದೇ ಆಗಿತ್ತು. ಅಲ್ಲಿ ಓದಿದ ಮಕ್ಕಳೇ ಮುಂದೆ ಅಲ್ಲಿ ದುಡಿಯುವವರಾದರು. ಅದಕ್ಕೆ ಕೈಮಾಡುವವನು ಇಡೀ ಬೆಟ್ಟದ ವೈರ ಕಟ್ಟಿಕೊಳ್ಳಬೇಕಾಗುತ್ತಿತ್ತು. ಇದನ್ನು ಪವಾಡವೆಂದು ನಾವು ಬಣ್ಣಿಸುವುದಿಲ್ಲ. ಶ್ರೀನಿವಾಸರ ಉದಾಹರಣೆಯು ನಮ್ಮನ್ನು ಎಚ್ಚರಿಸುತ್ತಲೇ ಇರುತ್ತದೆ. ಶ್ರೀನಿವಾಸರು ಸತ್ತುದು ಕಟ್ಟಿಸಿದ ಗುಡಿಯ ಮುಂದಲ್ಲ. ಕಳ್ಳನನ್ನು ಕರೆತರಲು ಹೋದ ಕಾಡಿನಲ್ಲಿ ಎಂಬ ಭೇದವನ್ನು ಮಾತ್ರ ವಾಚಕರು ಗಮನಿಸಬೇಕೆಂದು ಬಿನ್ನವಿಸುತ್ತೇವೆ.

ಇನ್ನು ಆಫ್ಘಾನಿಸ್ತಾನದತ್ತ ಹೋಗೋಣ. ಇರಾನಿನ ಗಡಿಯ ಬಳಿಯ ಜರಂಜಿನಿಂದ ದೆಲಾರಾಮಿನವರೆಗೆ 218 ಕಿಲೋಮೀಟರು ಉದ್ದದ ಹೆದ್ದಾರಿಯನ್ನು ನಮ್ಮ ಗಡಿ ರಸ್ತೆ ಸಂಸ್ಥೆಯವರು ಸುಮಾರು 600 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿದರು. ಪಾಕಿಸ್ತಾನದ ಹಂಗಿಲ್ಲದೆ ಸಮುದ್ರ ತಲುಪುವ ದಾರಿ ಆಫ್ಘನರಿಗೆ ಅದರಿಂದ ದೊರೆಯಿತು. 2009ರ ಜನವರಿಯಲ್ಲಿ ಆಗಿನ ವಿದೇಶಾಂಗ ಸಚಿವ ಪ್ರಣಬ್ ಮುಖರ್ಜಿಯವರು ಅದನ್ನು ಆಫ್ಘನ್ ಅಧ್ಯಕ್ಷ ಹಮೀದ್ ಕರ್ಜಾಯಿಯವರಿಗೆ ಒಪ್ಪಿಸಿದರು. 2005ರ ನವೆಂಬರಿನಲ್ಲಿ ರಸ್ತೆಯ ಕೆಲಸದಲ್ಲಿದ್ದ ಕೇರಳದ ಒಬ್ಬ ವಾಹನಚಾಲಕನನ್ನು ತಾಲಿಬಾನಿಗಳು ಹಿಡಿದೊಯ್ದು ಕೊಂದರು. ಕೆಲಸಗಾರರನ್ನು ಕಾಯುತ್ತಿದ್ದವರು ಇಂಡೋ–ಟಿಬೆಟನ್ ಗಡಿ ಪೊಲೀಸರು. ಅಂತೂ ರಸ್ತೆ ಮುಗಿಯುವಷ್ಟರಲ್ಲಿ ದಾಳಿಗಳಿಂದ ಸತ್ತ ಭಾರತೀಯರು 6 ಮಂದಿ. ಅವರಲ್ಲಿ 4 ಮಂದಿ ಆ ಗಡಿ ಪೊಲೀಸರೇ. ಸತ್ತ ಆಫ್ಘನರೋ 129 ಮಂದಿ. ಎರಡು ಕಿಲೋಮೀಟರು ತುಂಬುವ ಮುನ್ನ ಒಂದು ಹೆಣ ಎಂಬಂತಾಯಿತು. ನಮ್ಮ ಆರು ಮಂದಿಯ ಹೆಸರುಗಳು ಇಲ್ಲಿ ಪತ್ರಿಕೆಗಳಲ್ಲಿ ಬಂದುವು, ಬರಬೇಕಾದುದೇ. ಆ 129 ಮಂದಿಯನ್ನು ಮಾತ್ರ ಒಂದು ಸಂಖ್ಯೆಯಾಗಿ ಬರೆದು ಮುಗಿಸಿದ್ದಾಯಿತು. ರಸ್ತೆಯ ವೆಚ್ಚ 600 ಕೋಟಿ ಎಂದು ನಾವು ಹೇಳುವಾಗ ಈ 135 ಮನೆಗಳನ್ನು ಯಾವ ಅಂಕಣದಲ್ಲಿ ಬರೆದುಕೊಳ್ಳುತ್ತೇವೆ?

ಹೆರಾತ್ ಪ್ರಾಂತದ ಹರಿ ನದಿಗೆ ಕಟ್ಟಿದ ಸಲ್ಮಾ ಅಣೆಕಟ್ಟೆಯದು ಇನ್ನೂ ಹೆಚ್ಚು ಬೋಧಪ್ರದವಾದ ಕಥೆ. 42 ಮೆಗಾವಾಟ್ ವಿದ್ಯುತ್ತು, 75 ಸಾವಿರ ಹೆಕ್ಟೇರಿಗೆ ನೀರು ಎಂಬುದು ಉದ್ದೇಶ. ಮೊದಲ ಅಂದಾಜು ಸುಮಾರು 352 ಕೋಟಿ ರೂಪಾಯಿ. 2016ರ ಜೂನ್ 4ರಂದು ಪ್ರಧಾನಮಂತ್ರಿಗಳು ಅದನ್ನು ಉದ್ಘಾಟಿಸುವ ಮೊದಲೇ ಮಂಜೂರಾದ ಮೊತ್ತ 1775 ಕೋಟಿಯನ್ನು ಮುಟ್ಟಿತ್ತು. ಐದು ಪಟ್ಟು! ಸಾಮಾನುಗಳು ಇರಾನಿನ ಬಂದರಿನಲ್ಲಿಳಿದು ಗಡಿ ದಾಟಿ ಬರಬೇಕು. ವರ್ಷಗಳು ಉರುಳಿದಂತೆ ಬೆಲೆ ಏರಬೇಕು. ರಸ್ತೆ ಕ್ಷೇಮವಲ್ಲದುದರಿಂದ ಎಂಜಿನಿಯರುಗಳು ಹೆಲಿಕಾಪ್ಟರಿನಲ್ಲಿ ಹೋಗಿಬರಬೇಕು. ಇವೆಲ್ಲವೂ ಸಹಜ ಕಾರಣಗಳೇ. ಆದರೆ 1775 ಎಂಬ ಒಂದೇ ಅಂಕಿಯೊಳಗೆ ಸಿಮೆಂಟೂ ಸಿಪಾಯಿಯೂ ಒಟ್ಟಿಗೆ ಮಲಗಿರುವಾಗ, ಅಣೆಕಟ್ಟೆ ದುಬಾರಿಯಾದುದು ದೂರದಿಂದಲೋ ಕಾಲದಿಂದಲೋ ಭಯದಿಂದಲೋ ಎಂಬುದನ್ನು ವಿವೇಚಿಸುವುದು ಹೇಗೆ? ಭಯದ ಪಾಲು ಎಷ್ಟೆಂದು ಮೊದಲ ವರ್ಷದಲ್ಲಿಯೇ ತಿಳಿದಿದ್ದರೆ ಎರಡನೆಯ ವರ್ಷದಲ್ಲಿ ಕೆಲಸದ ಕ್ರಮವನ್ನು ಬದಲಾಯಿಸಬಹುದಿತ್ತು; ಇಲ್ಲವೇ ಬದಲಾಯಿಸದೆ ಕಣ್ಣು ತೆರೆದುಕೊಂಡೇ ಮುಂದುವರಿಯಬಹುದಿತ್ತು. ಉದ್ಘಾಟನೆಯಿಂದಲೂ ವೆಚ್ಚ ನಿಲ್ಲಲಿಲ್ಲ. 2017ರ ಜೂನಿನಲ್ಲಿ ಕಟ್ಟೆಯ ಸಮೀಪದ ಠಾಣೆಯ ಮೇಲೆ ತಾಲಿಬಾನಿಗಳು ಬಿದ್ದು 10 ಮಂದಿ ಆಫ್ಘನ್ ಪೊಲೀಸರನ್ನು ಕೊಂದರು. ಆ ಹತ್ತು ಮಂದಿ ಕಾಯುತ್ತಿದ್ದುದು ನಮ್ಮ ಕೊಡುಗೆಯನ್ನು.

ಅಮೆರಿಕೆಯವರ ಲೆಕ್ಕ ಇದಕ್ಕಿಂತ ಎಷ್ಟೋ ದೊಡ್ಡದು. ಅವರ ತಪ್ಪುಗಳೂ ಅಷ್ಟೇ ದೊಡ್ಡವು. ಆದರೆ ತಮ್ಮ ತಪ್ಪನ್ನು ತಾವೇ ಅಚ್ಚುಹಾಕಿಸುವ ಒಂದು ಗುಣವನ್ನು ಅವರಲ್ಲಿ ಮೆಚ್ಚಲೇಬೇಕು. ಇರಾಕಿನಲ್ಲಿ ತಾವು ಪರೀಕ್ಷಿಸಿದ 15 ಪುನರ್ನಿರ್ಮಾಣದ ಗುತ್ತಿಗೆಗಳಲ್ಲಿ 8ರಲ್ಲಿ ಕಾವಲಿನ ವೆಚ್ಚವು ಶೇಕಡ 15ನ್ನು ಮೀರಿತ್ತೆಂದು ಅವರ ಸಂಸತ್ತಿನ ಲೆಕ್ಕ ಪರಿಶೋಧಕರು 2005ರಲ್ಲಿಯೇ ವರದಿ ಮಾಡಿದರು. ಆಫ್ಘಾನಿಸ್ತಾನದ ಖೋಸ್ತ್–ಗರ್ದೇಜ್ ರಸ್ತೆಯ ಸುಮಾರು 64 ಮೈಲಿಗೆ 2011ರ ಹೊತ್ತಿಗೆ ಆದ ವೆಚ್ಚ 12 ಕೋಟಿ ಡಾಲರನ್ನು ಮೀರಿತ್ತು. ಅದರಲ್ಲಿ 4 ಕೋಟಿ 30 ಲಕ್ಷಕ್ಕೂ ಮೇಲ್ಪಟ್ಟ ಹಣವು ಕೇವಲ ಕಾವಲಿಗೆ ಹೋಗಿತ್ತು. ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು! ಮೂಗಿಗಿಂತ ಮೂಗುತಿ ಭಾರವೆಂಬ ನಮ್ಮ ಗಾದೆ ಇಂಥದನ್ನು ಕಂಡೇ ಹುಟ್ಟಿರಬೇಕು. ಅದಕ್ಕಿಂತಲೂ ಹೇಯವಾದುದು 2010ರಲ್ಲಿ ಅಮೆರಿಕದ ಕೆಳಮನೆಯ ಉಪಸಮಿತಿಯೊಂದು ಬಯಲಿಗೆಳೆದ ಸಂಗತಿ. ಸೇನೆಗೆ ಸಾಮಾನು ಸಾಗಿಸುವ 216 ಕೋಟಿ ಡಾಲರುಗಳ ಗುತ್ತಿಗೆಯಲ್ಲಿ ಲಾರಿಗಳನ್ನು ಕಾಯುವವರೆಂದು ಹಣ ಪಡೆಯುತ್ತಿದ್ದವರು ದಾರಿಯುದ್ದದ ಸಶಸ್ತ್ರ ಪಾಳೆಯಗಾರರು. ಆ ಹಣದಲ್ಲಿ ಒಂದಂಶವು ದಾಳಿ ಮಾಡುತ್ತಿದ್ದ ತಾಲಿಬಾನಿಗಳಿಗೇ ಸೇರುತ್ತಿರಬಹುದೆಂದು ಸಮಿತಿಯು ಶಂಕಿಸಿತು. ಕಾವಲಿಗೆ ಬೇಡಿಕೆ ಇರುವಷ್ಟು ದಿನ ಕಳ್ಳತನಕ್ಕೂ ಬೆಲೆ ಇರುತ್ತದೆ. ಕಳ್ಳನಿಗೆ ಕಾಣಿಕೆ ಕೊಟ್ಟು ಕೆಲಸ ನಡೆಸಿಕೊಂಡ ಕಲ್ಲುಗಣಿಯ ಧಣಿಗಳ ಕಥೆಯನ್ನು ಚಾಮರಾಜನಗರದ ಕಡೆಯವರು ವೀರಪ್ಪನ ಕಾಲದಲ್ಲಿ ಸಾಕಷ್ಟು ಕೇಳಿದ್ದಾರೆ. ಅವರಿಗೆ ಈ ವರದಿಯನ್ನು ಓದಿ ಹೇಳಬೇಕಾದ ಅಗತ್ಯವಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದ ಕಥೆಯಲ್ಲಿ ಈಗ ಒಂದು ಹೊಸ ತಿರುವು ಬಂದಿದೆ. 2021ರ ಆಗಸ್ಟ್ 15ರಂದು ಕಾಬೂಲು ತಾಲಿಬಾನಿಗಳ ಕೈಸೇರಿತು. ಅಂದು ನಮ್ಮ ರಸ್ತೆಯನ್ನೂ ಕಟ್ಟೆಯನ್ನೂ ಯಾರಿಂದ ಕಾಯಲು ಸಿಪಾಯಿಗಳನ್ನು ಇಟ್ಟೆವೋ ಅವರೇ ಇಂದು ಅಲ್ಲಿಯ ಕಾವಲುಗಾರರು. ದೇಶದಲ್ಲಿ ಈಗ ಶಾಂತಿಯಿದೆ, ಬನ್ನಿ, ಕೆಲಸ ಮಾಡಿ, ನಿಮ್ಮ ರಕ್ಷಣೆ ನಮ್ಮ ಹೊಣೆ ಎಂಬ ಅರ್ಥದ ಮಾತುಗಳನ್ನು ಅವರು ಆಡುತ್ತಿದ್ದಾರೆ. ಅಲ್ಲಿಗೆ ಕಾವಲಿನ ವೆಚ್ಚ ಉಳಿಯಿತಲ್ಲ ಎಂದು ದೆಹಲಿಯ ಲೆಕ್ಕಿಗರು ಸಂತೋಷಪಟ್ಟರೆ ನಾವು ಅವರನ್ನು ತಡೆಯಲಾರೆವು. ಆದರೆ ಕೂಲಿ ಉಳಿದಿಲ್ಲ, ನಾಣ್ಯ ಮಾತ್ರ ಬದಲಾಗಿದೆ ಎಂಬುದು ನಮ್ಮ ಸಂದೇಹ. 2021ರಿಂದ ಆ ದೇಶದ ಬಾಲೆಯರಿಗೆ ಪ್ರೌಢಶಾಲೆಯ ಬಾಗಿಲು ಮುಚ್ಚಿದೆ. 2022ರ ಡಿಸೆಂಬರಿನಲ್ಲಿ ಸೇವಾಸಂಸ್ಥೆಗಳಲ್ಲಿ ದುಡಿಯುವುದನ್ನೂ ಹೆಂಗಸರಿಗೆ ನಿಷೇಧಿಸಲಾಯಿತು. 2025ರ ಅಕ್ಟೋಬರ್ 10ರಂದು ದೆಹಲಿಯಲ್ಲಿಯೇ ಮುತ್ತಕಿಯವರು ಕರೆದ ಪತ್ರಿಕಾಗೋಷ್ಠಿಗೆ ಪತ್ರಕರ್ತೆಯರಿಗೆ ಪ್ರವೇಶ ದೊರೆಯಲಿಲ್ಲ. ಕೂಗೆದ್ದ ಮೇಲೆ ಎರಡು ದಿನ ಬಿಟ್ಟು ಇನ್ನೊಂದು ಗೋಷ್ಠಿ ಕರೆದರು. ನಾವು ಕಟ್ಟಲಿರುವ ಆಸ್ಪತ್ರೆಯಲ್ಲಿ ದಾದಿಯರಿರುವರೇ? ನಾವು ಕಟ್ಟಿದ ಶಾಲೆಗಳಲ್ಲಿ ಯಾರು ಓದುತ್ತಿದ್ದಾರೆ? ಕಾವಲುಗಾರನ ಮನಸ್ಸು ನೋಯದಿರಲೆಂದು ಇವನ್ನು ಕೇಳದೆ ಬಿಡುವುದಾದರೆ, ಆ ಮೌನವೇ ಕೂಲಿ. ಮೈಸೂರು ತೆತ್ತುದು ವರಹಗಳಲ್ಲಿ, ಎಣಿಸಲು ಸಾಧ್ಯವಾಗಿತ್ತು. ಇದನ್ನು ಎಣಿಸುವುದು ಕಷ್ಟ.

ನೆರವನ್ನೇ ನಿಲ್ಲಿಸಬೇಕೆಂಬ ಮಾತು ನಮ್ಮದಲ್ಲವೆಂದು ಮತ್ತೊಮ್ಮೆ ಹೇಳುತ್ತೇವೆ. ಆಡಳಿತದ ಮೇಲಿನ ಮುನಿಸನ್ನು ಹಸಿದವನ ಮೇಲೆ ತೀರಿಸಿಕೊಳ್ಳುವುದು ಹೇಡಿತನ. ಭೂಕಂಪವಾದಾಗ ಔಷಧವನ್ನೂ ಕ್ಷಾಮದಲ್ಲಿ ಗೋಧಿಯನ್ನೂ ಕಳುಹಿಸಿದುದು ಯುಕ್ತವೇ ಆಗಿತ್ತು. ದೊಡ್ಡ ಕಟ್ಟೆ–ರಸ್ತೆಗಳ ಜೊತೆಯಲ್ಲಿ ಭಾರತವು ಆ ದೇಶದ ಹಳ್ಳಿಗಳಲ್ಲಿ ಸಣ್ಣ ಕಾಮಗಾರಿಗಳ ಒಂದು ಯೋಜನೆಯನ್ನೂ ನಡೆಸಿತ್ತು: ಬಾವಿ, ಶಾಲೆ, ಚಿಕ್ಕ ಚಿಕಿತ್ಸಾಲಯ, ಸೇತುವೆ ಇತ್ಯಾದಿ. ಅವನ್ನು ಅಲ್ಲಿಯವರೇ ಕಟ್ಟಿಕೊಳ್ಳುತ್ತಿದ್ದುದರಿಂದ ನಮ್ಮ ಸಿಪಾಯಿಗಳ ಅಗತ್ಯ ಅಷ್ಟಾಗಿ ಬೀಳುತ್ತಿರಲಿಲ್ಲ. ಅವುಗಳಿಗೆ ಉದ್ಘಾಟನೆಯ ಆಡಂಬರವಿಲ್ಲ, ಭಾವಚಿತ್ರವಿಲ್ಲ. ಬಿಳಿಗಿರಿಯ ಆಸ್ಪತ್ರೆಯ ಜಾತಿಗೆ ಸೇರಿದವುಗಳವು. ಮುಂದೆ ಕೊಡುವ ಹಣದಲ್ಲಿ ಅವುಗಳ ಪಾಲು ಹೆಚ್ಚಲೆಂದು ನಾವು ಬಯಸುವೆವು.

ಕಾವಲಿನ ಲೆಕ್ಕವನ್ನು ಪ್ರಕಟಿಸಿದರೆ ಶತ್ರುವಿಗೆ ಸಹಾಯವಾಗುವುದೆಂದು ಅಧಿಕಾರಿವರ್ಗದವರು ಆಕ್ಷೇಪಿಸಬಹುದು. ಯಾವ ಠಾಣೆಯಲ್ಲಿ ಎಷ್ಟು ಬಂದೂಕುಗಳಿವೆ, ಯಾವ ಹೊತ್ತಿಗೆ ಪಹರೆ ಬದಲಾಗುತ್ತದೆ ಎಂಬುದನ್ನು ನಾವು ಕೇಳುತ್ತಿಲ್ಲ. ಅದು ಗುಟ್ಟಾಗಿಯೇ ಇರಲಿ. ವರ್ಷಕ್ಕೊಮ್ಮೆ ಒಟ್ಟು ಮೊತ್ತವನ್ನು ಹೇಳುವುದರಿಂದ ಯಾವ ಹೊಂಚುಕೋರನಿಗೂ ದಾರಿ ತಿಳಿಯದು. ನಿಜವಾಗಿ ಗುಟ್ಟಿನಿಂದ ಲಾಭ ಹೊಂದುವವರು ಬೇರೆ; ಅವರು ಗುತ್ತಿಗೆಯ ಕಚೇರಿಗಳಲ್ಲಿ ಇರುತ್ತಾರೆ.

ಬೇಸಾಯಗಾರನ ಲೆಕ್ಕಪುಸ್ತಕದ ಮಟ್ಟಿಗಾದರೂ ಸರಕಾರದ ಲೆಕ್ಕಪುಸ್ತಕವು ಬರಲಿ ಎಂಬುದಷ್ಟೇ ನಮ್ಮ ಕೋರಿಕೆ. ವಿದೇಶಾಂಗ ಇಲಾಖೆಯ ಅನುದಾನದ ಬೇಡಿಕೆಯು ಲೋಕಸಭೆಯ ಮುಂದೆ ಬಂದಾಗ, ನಮ್ಮ ಚಾಮರಾಜನಗರ ಕ್ಷೇತ್ರದ ಸದಸ್ಯರು ಎದ್ದುನಿಂತು, ಕಲಹದ ನಾಡುಗಳಲ್ಲಿ ಭಾರತವು ನಡೆಸುವ ಪ್ರತಿಯೊಂದು ಕಾಮಗಾರಿಯಲ್ಲಿ ಕೆಲಸಕ್ಕೆ ಎಷ್ಟು, ಕಾವಲಿಗೆ ಎಷ್ಟು ಎಂದು ಬಿಡಿಸಿ ಹೇಳಿರೆಂದು ಕೇಳಲಿ. ಕಾವಲಿನ ಹಣವು ಯಾರ ಕೈಗೆ ಸಂದಾಯವಾಗುತ್ತಿದೆಯೆಂದೂ ಕೇಳಲಿ. ಆ ಕೆಲಸದಲ್ಲಿ ಸತ್ತ ಪರದೇಶದ ಕೂಲಿಯಾಳಿನ, ಪೊಲೀಸಿನವನ ಮನೆಯವರಿಗೆ ನಮ್ಮ ಕಡೆಯಿಂದ ಏನು ದೊರೆತಿದೆಯೆಂಬುದನ್ನು, ನಮ್ಮವರಿಗೆ ದೊರೆತುದರ ಪಕ್ಕದಲ್ಲಿಯೇ ಬರೆದು ತೋರಿಸುವಂತೆ ಒತ್ತಾಯಿಸಲಿ. ಕಾವಲಿನ ಪಾಲು ಎರಡು ವರ್ಷ ಒಂದೇ ಸಮನೆ ಏರಿದ ಕಾಮಗಾರಿಯನ್ನು ಸಂಸತ್ತಿನ ಸಮಿತಿಯೊಂದು ಹೊಸದಾಗಿ ಪರಾಮರ್ಶಿಸಲಿ; ಅಲ್ಲಿಯ ಜನಕ್ಕೆ ಆ ಕೆಲಸ ಬೇಕೇ ಎಂದು ಅಲ್ಲಿಯವರನ್ನೇ ಕೇಳಿ ತಿಳಿಯಲಿ. ಉತ್ತರವು ಲಿಖಿತವಾಗಿ ಬರಲಿ. ಬಂದ ದಿನ ಅದನ್ನು ಕನ್ನಡದಲ್ಲಿ ಇದೇ ಪುಟದಲ್ಲಿ ಪೂರ್ತಿಯಾಗಿ ಅಚ್ಚುಹಾಕುವ ಹೊಣೆ ನಮ್ಮದು.